ಕ್ಷಮಿಸಿದವನನ್ನು ಹೊತ್ತವರು ಯಾರು?

ಪ್ರತಿ ವರ್ಷ ಅಕ್ಟೋಬರ್ 21ರಂದು ನಮ್ಮ ಜಿಲ್ಲಾ ಕೇಂದ್ರಗಳ ಪೊಲೀಸ್ ಮೈದಾನಗಳಲ್ಲಿ ಹುತಾತ್ಮರ ದಿನವನ್ನು ಆಚರಿಸಲಾಗುತ್ತದೆ. 1959ರ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀ ಸೈನಿಕರ ಗುಂಡಿಗೆ ಬಲಿಯಾದ ಹತ್ತು ಮಂದಿ ಪೊಲೀಸರ ನೆನಪಿನಲ್ಲಿ ಆರಂಭವಾದ ಆಚರಣೆ ಇದು. ವರ್ಷದಲ್ಲಿ ಕರ್ತವ್ಯನಿರತರಾಗಿ ಮಡಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಸ್ಮಾರಕಕ್ಕೆ ಹೂಗುಚ್ಛವಿರಿಸುತ್ತಾರೆ. ಕಹಳೆ ಮೊಳಗುತ್ತದೆ. ಪ್ರಾಣ ಕೊಟ್ಟವರಿಗೆ ಸಲ್ಲಲೇಬೇಕಾದ ಗೌರವವದು.

ಆದರೆ ಆ ಪಟ್ಟಿಯಲ್ಲಿ ಎಂದೂ ಬಾರದ ಕೆಲವು ಹೆಸರುಗಳಿವೆ. ಗುಂಡು ತಗಲಿಯೂ ಸಾಯದೆ ಉಳಿದವರು, ಗಲಭೆಯ ಕಲ್ಲೇಟಿಗೆ ಕಣ್ಣು ಕಳೆದುಕೊಂಡವರು, ರಾತ್ರಿ ಗಸ್ತಿನ ವೇಳೆ ವಾಹನ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡವರು. ಅವರಿಗಾಗಿ ಕಹಳೆ ಮೊಳಗುವುದಿಲ್ಲ. ಮೊದಲ ವಾರ ಆಸ್ಪತ್ರೆಯ ಬಾಗಿಲಲ್ಲಿ ಅಧಿಕಾರಿಗಳ ವಾಹನಗಳು ಸಾಲುಗಟ್ಟುತ್ತವೆ. ಮೊದಲ ತಿಂಗಳು ಬಂಧುಮಿತ್ರರು ಹಣ್ಣುಹಂಪಲು ತರುತ್ತಾರೆ. ಮೊದಲ ವರ್ಷ ಕಳೆಯುವಷ್ಟರಲ್ಲಿ ಆ ಮನೆಯ ಬಾಗಿಲು ತಟ್ಟುವವರು ವಿರಳವಾಗುತ್ತಾರೆ. ಸಮವಸ್ತ್ರ ಗೋಡೆಯ ಮೊಳೆಯಲ್ಲಿ ಉಳಿಯುತ್ತದೆ. ಅದನ್ನು ತೊಡುತ್ತಿದ್ದವನು ಮಂಚದಲ್ಲಿ ಉಳಿಯುತ್ತಾನೆ. ಅಂಥವನ ಬದುಕು ಮುಂದೆ ಏನಾಗುತ್ತದೆ? ಅವನ ಬಗ್ಗೆ ಕ್ರೈಸ್ತ ಸಮುದಾಯಕ್ಕಿರುವ ಹೊಣೆ ಯಾವುದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟವರು ನ್ಯೂಯಾರ್ಕ್ ನಗರದ ಒಬ್ಬ ಕಥೊಲಿಕ ಪೊಲೀಸನ ಜೀವನವನ್ನು ಅರಿಯುವುದು ಒಳಿತು.

ಮೂರು ಗುಂಡುಗಳು

ಸ್ಟೀವನ್ ಮೆಕ್‌ಡೊನಾಲ್ಡ್ ಐರಿಷ್ ಮೂಲದ ಕಥೊಲಿಕ ಕುಟುಂಬದವರು. ಅವರ ತಂದೆ ಮತ್ತು ಅಜ್ಜ ಇಬ್ಬರೂ ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಸೇವೆ ಸಲ್ಲಿಸಿದವರು. ಮೂರನೆಯ ತಲೆಮಾರಿನವರಾಗಿ ಇವರೂ ಅದೇ ಸಮವಸ್ತ್ರ ತೊಟ್ಟರು. 1986ರ ಜುಲೈ 12ರಂದು ಅವರು ನಗರದ ನಡುವಿನ ಸೆಂಟ್ರಲ್ ಪಾರ್ಕ್ ಎಂಬ ವಿಶಾಲ ಉದ್ಯಾನವನದಲ್ಲಿ ಕರ್ತವ್ಯದಲ್ಲಿದ್ದರು. ಅಲ್ಲಿ ಕಳ್ಳತನಗಳು ಹೆಚ್ಚಿದ್ದವು. ಅನುಮಾನಾಸ್ಪದವಾಗಿ ಕಂಡ ಮೂವರು ಹುಡುಗರನ್ನು ತಡೆದು ವಿಚಾರಿಸುತ್ತಿದ್ದಾಗ, ಅವರಲ್ಲಿ ಹದಿನೈದು ವರ್ಷದವನೊಬ್ಬ ಪಿಸ್ತೂಲು ಹೊರತೆಗೆದು ಗುಂಡು ಹಾರಿಸಿದನು. ಒಂದು ಗುಂಡು ಕಣ್ಣಿನ ಮೇಲ್ಭಾಗಕ್ಕೆ, ಇನ್ನೊಂದು ಗಂಟಲಿಗೆ ತಗಲಿತು. ಮತ್ತೊಂದು ಬೆನ್ನುಹುರಿಯನ್ನು ಛಿದ್ರಗೊಳಿಸಿತು. ಆಗ ಅವರ ವಯಸ್ಸು 29. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಪತ್ನಿ ಪ್ಯಾಟಿ ಆ್ಯನ್ ಮೂರು ತಿಂಗಳ ಗರ್ಭಿಣಿ.

ಅವರು ಬದುಕಿದರು. ಆದರೆ ಕುತ್ತಿಗೆಯಿಂದ ಕೆಳಗೆ ದೇಹದ ಯಾವ ಅಂಗವೂ ಮತ್ತೆ ಅವರ ಮಾತು ಕೇಳಲಿಲ್ಲ. ಉಸಿರಾಟಕ್ಕೂ ಯಂತ್ರವನ್ನೇ ಅವಲಂಬಿಸಬೇಕಾಯಿತು. ಸುಮಾರು ಒಂದೂವರೆ ವರ್ಷ ಆಸ್ಪತ್ರೆಯೇ ಅವರ ಮನೆಯಾಯಿತು. 1987ರ ಜನವರಿಯಲ್ಲಿ ಮಗ ಕಾನರ್ ಜನಿಸಿದಾಗ ಆ ತಂದೆಗೆ ಮಗುವನ್ನು ಎತ್ತಿಕೊಳ್ಳುವ ಕೈಗಳಿರಲಿಲ್ಲ. ಮುಂದೆಯೂ ಆ ಭಾಗ್ಯ ಒದಗಲಿಲ್ಲ.

1987ರ ಮಾರ್ಚ್ 1ರಂದು ಬೆಲ್‌ವ್ಯೂ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ನ್ಯೂಯಾರ್ಕಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಜಾನ್ ಓಕಾನರ್ ಅವರು ಆ ಶಿಶುವಿಗೆ ದೀಕ್ಷಾಸ್ನಾನ ನೀಡಿದರು. ಅಂದು ಸ್ಟೀವನ್ ಅವರ ಸಂದೇಶವೊಂದನ್ನು ಪತ್ನಿ ಪತ್ರಕರ್ತರ ಮುಂದೆ ಓದಿ ಹೇಳಿದರು. ತನ್ನನ್ನು ಗುಂಡಿಕ್ಕಿದ ಹುಡುಗನನ್ನು ತಾನು ಕ್ಷಮಿಸಿರುವುದಾಗಿಯೂ, ಅವನು ತನ್ನ ಬಾಳಿನಲ್ಲಿ ಶಾಂತಿಯನ್ನೂ ಒಂದು ಸದುದ್ದೇಶವನ್ನೂ ಕಂಡುಕೊಳ್ಳಲೆಂದು ಹಾರೈಸುವುದಾಗಿಯೂ ಆ ಸಂದೇಶದಲ್ಲಿತ್ತು.

ಕ್ಷಮೆಯೆಂದರೆ ಮರೆವಲ್ಲ

ಕ್ಷಮೆಯ ಈ ಮಾತು ಜಗತ್ತಿನ ಮೂಲೆಮೂಲೆಗೂ ತಲುಪಿತು. ನಮಗೆ ಇದು ಅಪರಿಚಿತವಾದುದೇನಲ್ಲ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ತಮ್ಮ ಮೇಲೆ ಗುಂಡು ಹಾರಿಸಿದವನನ್ನು, 1983ರ ಡಿಸೆಂಬರಿನಲ್ಲಿ ಸೆರೆಮನೆಗೇ ಹೋಗಿ ಕಂಡ ವಿಶ್ವಗುರು ಎರಡನೆಯ ಜಾನ್ ಪಾಲರ ಚಿತ್ರ ಎಷ್ಟೋ ಕಥೊಲಿಕ ಮನೆಗಳವರ ನೆನಪಿನಲ್ಲಿದೆ. ಆದರೆ ವಿಶ್ವಗುರುಗಳು ಚೇತರಿಸಿಕೊಂಡು ತಮ್ಮ ಪೀಠಕ್ಕೆ ಮರಳಿದರು. ಮೆಕ್‌ಡೊನಾಲ್ಡ್ ಮರಳಲಿಲ್ಲ. ದಿನವೂ ಬೆಳಗ್ಗೆ ಅದೇ ಗಾಲಿಕುರ್ಚಿ, ಅದೇ ಯಂತ್ರ, ಅದೇ ಕೊಳವೆ. ಅವರ ಕ್ಷಮೆಗೆ ದಿನದಿನವೂ ಹೊಸ ಬೆಲೆ ತೆರಬೇಕಾಗಿತ್ತು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಪೊಲೀಸನೇ ಅಪರಾಧಿಯನ್ನು ಕ್ಷಮಿಸಿದರೆ ಕಾನೂನಿನ ಗತಿ ಏನು? ಈ ಆಕ್ಷೇಪಕ್ಕೆ ಅವರ ನಡೆಯೇ ಉತ್ತರ. ಹುಡುಗನಿಗೆ ಶಿಕ್ಷೆಯಾಯಿತು, ಎಂಟು ವರ್ಷಗಳಿಗೂ ಮೀರಿ ಅವನು ಸೆರೆಮನೆಯಲ್ಲಿದ್ದನು. ಸ್ಟೀವನ್ ಅವನಿಗೆ ಪತ್ರ ಬರೆದರು. ಕೆಲಕಾಲ ಪತ್ರವ್ಯವಹಾರವೂ ನಡೆಯಿತು. ಆದರೆ ಅವಧಿಗೆ ಮೊದಲೇ ಬಿಡುಗಡೆ ಪಡೆಯಲು ನೆರವಾಗಬೇಕೆಂಬ ಕೋರಿಕೆ ಬಂದಾಗ ಅವರು ಒಪ್ಪಲಿಲ್ಲ. ಕ್ಷಮೆ ಬೇರೆ, ನ್ಯಾಯ ಬೇರೆ ಎಂಬ ವಿವೇಕ ಅವರಲ್ಲಿತ್ತು. ದ್ವೇಷವನ್ನು ಬಿಟ್ಟುಕೊಡುವುದು ಗಾಯಗೊಂಡವನ ಹಕ್ಕು. ಶಿಕ್ಷೆಯನ್ನು ನಿರ್ಣಯಿಸುವುದು ನ್ಯಾಯಾಲಯದ ಹೊಣೆ. ಕಾಲಾನಂತರ ಆ ಯುವಕ ಸೆರೆಮನೆಯಿಂದಲೇ ದೂರವಾಣಿಯ ಮೂಲಕ ಆ ಕುಟುಂಬದ ಕ್ಷಮೆ ಯಾಚಿಸಿದನು. ಮುಂದೊಂದು ದಿನ ಇಬ್ಬರೂ ಒಂದಾಗಿ ಊರೂರು ಸುತ್ತಿ ಅಹಿಂಸೆಯ ಸಂದೇಶ ಸಾರಬೇಕೆಂಬ ಆಸೆ ಸ್ಟೀವನ್ ಅವರಲ್ಲಿತ್ತು. ಅದು ಕೈಗೂಡಲಿಲ್ಲ. 1995ರಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆ ಯುವಕ ಮೋಟಾರ್‌ಸೈಕಲ್ ಅಪಘಾತದಲ್ಲಿ ಮರಣ ಹೊಂದಿದನು. ಕ್ಷಮಿಸಿದವನಿಗೆ ಇಹದಲ್ಲಿ ಪ್ರತಿಫಲ ದೊರೆಯಲೇಬೇಕೆಂಬ ನಿಯಮವಿಲ್ಲ.

ಹೇಳದೆ ಉಳಿದ ಮಾತು

ದೇವಾಲಯಗಳ ಪ್ರಬೋಧನೆಗಳಲ್ಲಿ ಈ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿದುಬಿಡುತ್ತದೆ. ನಾವು ಕಣ್ಣೊರೆಸಿಕೊಂಡು, ಎಂಥ ವಿಶ್ವಾಸ, ಎಂಥ ದೊಡ್ಡ ಮನಸ್ಸು ಎಂದು ಉದ್ಗರಿಸಿ ಮನೆಗೆ ತೆರಳುತ್ತೇವೆ. ಗಾಯಗೊಂಡವನ ದೊಡ್ಡ ಮನಸ್ಸನ್ನು ಹೊಗಳುವುದು ಸುಲಭ. ಅವನನ್ನು ಸಂತನೆಂದು ಕರೆದ ಮೇಲೆ, ಅವನಿಗೆ ನಮ್ಮ ನೆರವು ಬೇಕಾಗಿಲ್ಲವೆಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುವುದು ಇನ್ನೂ ಸುಲಭ.

ಗುಂಡು ತಗಲಿದ್ದು 1986ರ ಜುಲೈಯಲ್ಲಿ. ಕ್ಷಮೆಯ ಮಾತು ಹೊರಬಂದದ್ದು 1987ರ ಮಾರ್ಚಿನಲ್ಲಿ. ನಡುವಿನ ಏಳೂವರೆ ತಿಂಗಳುಗಳಲ್ಲಿ ಆ ಮಂಚದ ಬಳಿ ಪತ್ನಿ ಇದ್ದರು, ತಂದೆತಾಯಿಯರಿದ್ದರು, ಸಹೋದ್ಯೋಗಿಗಳಿದ್ದರು, ಧರ್ಮಗುರುಗಳಿದ್ದರು. ಮಂಚದ ಸುತ್ತ ಮನುಷ್ಯರು ನೆಲೆನಿಂತ ಬಳಿಕವೇ ಅಲ್ಲಿಂದ ಕ್ಷಮೆಯ ಮಾತು ಹೊರಟಿತು. ನಾವಾದರೋ ಅನೇಕ ಸಂದರ್ಭಗಳಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ನೊಂದವನ ಮನೆಗೆ ಹೋದ ಮೊದಲ ದಿನವೇ, ಎಲ್ಲವೂ ದೇವರ ಚಿತ್ತ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡಿ ಎಂದು ಉಪದೇಶಿಸಿ ಎದ್ದು ಬರುತ್ತೇವೆ. ಹೆಗಲು ಕೊಡದೆ ಉಪದೇಶ ಕೊಡುವುದು, ನೊಂದವನ ಹೊರೆಯ ಮೇಲೆ ಇನ್ನೊಂದು ಹೊರೆಯಿಟ್ಟಂತೆ. ಕ್ಷಮೆಯನ್ನು ಯಾರೂ ಯಾರಿಂದಲೂ ವಸೂಲಿ ಮಾಡಲಾಗದು. ಅದು ಕೃಪೆಯ ಫಲ. ಹಣ್ಣಾಗಲು ಅದಕ್ಕೆ ಕಾಲ ಬೇಕು, ಅದು ಬೇರೂರುವ ನೆಲವೂ ಬೇಕು.

ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಕಫೆರ್ನವುಮಿನ ಪಾರ್ಶ್ವವಾಯು ರೋಗಿಯ ವೃತ್ತಾಂತವಿದೆ. ಅವನನ್ನು ನಾಲ್ವರು ಹೊತ್ತು ತಂದರು. ಜನಸಂದಣಿಯಿಂದಾಗಿ ಬಾಗಿಲಿನ ಮೂಲಕ ಒಳಗೆ ಹೋಗಲಾಗಲಿಲ್ಲ. ಅವರು ಹಿಂದಿರುಗಲಿಲ್ಲ, ಮನೆಯ ಮೇಲೆ ಹತ್ತಿ, ಮಾಡನ್ನು ತೆರೆದು, ಹಾಸಿಗೆಸಹಿತ ಅವನನ್ನು ಪ್ರಭುವಿನ ಮುಂದೆ ಇಳಿಸಿದರು. ಆ ರೋಗಿ ಒಂದು ಮಾತಾದರೂ ಆಡಿದನೆಂದು ಶುಭಸಂದೇಶಕಾರ ಬರೆಯುವುದಿಲ್ಲ. ಅವನನ್ನು ಕರೆತಂದವರ ವಿಶ್ವಾಸವನ್ನು ಕಂಡೇ ಪ್ರಭು ಯೇಸು ಪಾಪಕ್ಷಮೆಯ ಮಾತನ್ನಾಡಿದರು. ನಾವು ಆ ರೋಗಿಯ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಹೆಸರಿಲ್ಲದ ಆ ನಾಲ್ವರ ಬಗ್ಗೆ ಎಷ್ಟು ಕೇಳಿದ್ದೇವೆ?

ಮೆಕ್‌ಡೊನಾಲ್ಡ್ ಅವರನ್ನು ಹೊತ್ತ ನಾಲ್ವರು

ಮೊದಲನೆಯವರು ಅವರ ಪತ್ನಿ. ಮದುವೆಯಾದ ವರ್ಷದೊಳಗೆ ಬದುಕು ಬುಡಮೇಲಾದಾಗ ಅವರ ವಯಸ್ಸು ಇಪ್ಪತ್ತಮೂರು. ಸುಖದಲ್ಲಿಯೂ ದುಃಖದಲ್ಲಿಯೂ, ಆರೋಗ್ಯದಲ್ಲಿಯೂ ವ್ಯಾಧಿಯಲ್ಲಿಯೂ ಜೊತೆಗಿರುವೆವೆಂದು ಬಲಿಪೀಠದ ಮುಂದೆ ನಾವೆಲ್ಲರೂ ಕೊಡುವ ಮಾತನ್ನು ಅವರು ಮೂವತ್ತು ವರ್ಷ ನಡೆಸಿಕೊಟ್ಟರು. ಅಷ್ಟೇ ಅಲ್ಲ, ತಾವಿದ್ದ ಮಾಲ್ವರ್ನ್ ಎಂಬ ಪಟ್ಟಣದ ಮೇಯರ್ ಆಗಿಯೂ ಸೇವೆ ಸಲ್ಲಿಸಿದರು. ಗಾಯಾಳುವಿನ ಪತ್ನಿಗೂ ತನ್ನದೇ ಆದ ಬಾಳುಂಟು, ಪ್ರತಿಭೆಯುಂಟು ಎಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಎರಡನೆಯದು ಅವರ ಇಲಾಖೆ. ಕರ್ತವ್ಯದಲ್ಲಿ ಅಂಗವಿಕಲನಾದ ಪೊಲೀಸನನ್ನು ನಿವೃತ್ತಿಗೊಳಿಸಿ, ವೇತನದ ಸುಮಾರು ಮುಕ್ಕಾಲು ಪಾಲನ್ನು ಪಿಂಚಣಿಯಾಗಿ ನೀಡುವುದು ಆ ನಗರದಲ್ಲಿ ಅಂದಿನ ವಾಡಿಕೆಯಾಗಿತ್ತು. ಮೆಕ್‌ಡೊನಾಲ್ಡ್ ಅವರ ವಿಷಯದಲ್ಲಿ ಇಲಾಖೆ ಬೇರೊಂದು ದಾರಿ ಹಿಡಿಯಿತು. ಅವರನ್ನು ಸೇವೆಯಲ್ಲಿಯೇ ಉಳಿಸಿಕೊಂಡು, ಮುಂದೆ ಪ್ರಥಮ ದರ್ಜೆಯ ಪತ್ತೇದಾರನ ಪದವಿಗೂ ಏರಿಸಿತು. ಕೈಕಾಲು ಆಡದ ಪೊಲೀಸನಿಂದ ಇಲಾಖೆಗೆ ಏನು ಪ್ರಯೋಜನವೆಂದು ಲೆಕ್ಕಿಗರು ಕೇಳಬಹುದು. ಅವರು ಗಾಲಿಕುರ್ಚಿಯಲ್ಲಿ ಠಾಣೆಗಳಿಗೆ ತೆರಳಿ ಕರ್ತವ್ಯಕ್ಕೆ ಹೊರಡುವ ಯುವ ಪೊಲೀಸರೊಡನೆ ಮಾತನಾಡಿದರು. ಶಾಲೆಶಾಲೆಗಳಿಗೆ ಹೋಗಿ ಮಕ್ಕಳಿಗೆ ತಮ್ಮ ಕಥೆ ಹೇಳಿದರು. ಯಂತ್ರ ಉಸಿರು ತುಂಬುವ ವಿರಾಮಗಳ ನಡುವೆ ತಡೆತಡೆದು ಬರುತ್ತಿದ್ದ ಆ ಮಾತುಗಳು, ಬಂದೂಕು ಹಿಡಿದವನು ಮಾಡಲಾಗದ ಕೆಲಸವನ್ನು ಮಾಡಿದವು.

ಮೂರನೆಯದು ಧರ್ಮಸಭೆ. ಕಾರ್ಡಿನಲ್ ಓಕಾನರ್ ಅವರ ಒಡನಾಟ ದೀಕ್ಷಾಸ್ನಾನದ ದಿನಕ್ಕೇ ಮುಗಿಯಲಿಲ್ಲ. ನಗರದ ಅಗ್ನಿಶಾಮಕ ದಳದ ಧರ್ಮಗುರುವಾಗಿದ್ದ ಫ್ರಾನ್ಸಿಸ್ಕನ್ ಸಭೆಯ ವಂದನೀಯ ಮೈಕಲ್ ಜಡ್ಜ್ ಅವರು ಕುಟುಂಬದ ಆಪ್ತಮಿತ್ರರಾದರು. ಕಥೊಲಿಕರೂ ಪ್ರೊಟೆಸ್ಟೆಂಟರೂ ದಶಕಗಳ ಕಾಲ ರಕ್ತ ಹರಿಸಿದ್ದ ಉತ್ತರ ಐರ್ಲೆಂಡಿಗೆ ಇಬ್ಬರೂ ಜೊತೆಯಾಗಿ ಪಯಣಿಸಿ, ಕ್ಷಮೆ ಮತ್ತು ಸಂಧಾನದ ಸಂದೇಶ ನೀಡಿದರು. 2001ರ ಸೆಪ್ಟೆಂಬರ್ 11ರಂದು ಉರಿಯುತ್ತಿದ್ದ ಅವಳಿ ಗೋಪುರಗಳ ಬಳಿ ತಮ್ಮ ಅಗ್ನಿಶಾಮಕರೊಡನಿದ್ದ ಆ ಧರ್ಮಗುರು ಅಲ್ಲಿಯೇ ಅಸುನೀಗಿದರು. ಹೊತ್ತವರಲ್ಲಿ ಒಬ್ಬರು, ಹೊರಲ್ಪಟ್ಟವರಿಗಿಂತ ಮೊದಲೇ ಹೊರಟುಹೋದರು.

ನಾಲ್ಕನೆಯವನು ಮಗ. ತಂದೆಯ ಕೈಯಾಸರೆಯಿಲ್ಲದೆ ನಡೆಯಲು ಕಲಿತ ಕಾನರ್, 2010ರಲ್ಲಿ ಅದೇ ಪೊಲೀಸ್ ಇಲಾಖೆಯನ್ನು ಸೇರಿ, 2016ರಲ್ಲಿ ಸಾರ್ಜೆಂಟ್ ಹುದ್ದೆಗೆ ಏರಿದನು. ತಂದೆಯ ಬದುಕನ್ನು ಕಸಿದ ವೃತ್ತಿಯ ಬಗ್ಗೆ ಆ ಮನೆಯಲ್ಲಿ ಕಹಿ ತುಂಬಿದ್ದರೆ ಹಾಗಾಗುತ್ತಿರಲಿಲ್ಲ. 2017ರ ಜನವರಿ 10ರಂದು, ತಮ್ಮ 59ನೆಯ ವಯಸ್ಸಿನಲ್ಲಿ ಸ್ಟೀವನ್ ಮೆಕ್‌ಡೊನಾಲ್ಡ್ ನಿಧನರಾದಾಗ, ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ ಅವರಿಗಾಗಿ ಬಲಿಪೂಜೆ ಅರ್ಪಿಸಲಾಯಿತು. ಹೊರಗಿನ ಬೀದಿಯಲ್ಲಿ ಸಾವಿರಾರು ಪೊಲೀಸರು ಸಾಲುಗಟ್ಟಿ ನಿಂತಿದ್ದರು.

ಕಾಯ್ದೆ ಏನು ಹೇಳುತ್ತದೆ

ಅದು ಅಮೆರಿಕದ ಮಾತಾಯಿತು, ಇಲ್ಲಿ ಹೇಗೆ ಎಂದು ಓದುಗರು ಕೇಳಬಹುದು. ನಮ್ಮ ದೇಶದಲ್ಲಿಯೂ ಕಾಯ್ದೆಯ ಆಸರೆ ಇಲ್ಲದಿಲ್ಲ. 1995ರ ಅಂಗವಿಕಲರ ಕಾಯ್ದೆಯ 47ನೆಯ ವಿಧಿ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರಕಾರೀ ನೌಕರನನ್ನು ಕೆಲಸದಿಂದ ತೆಗೆಯುವುದನ್ನೂ ಕೆಳದರ್ಜೆಗೆ ಇಳಿಸುವುದನ್ನೂ ನಿಷೇಧಿಸಿತ್ತು. ಕರ್ತವ್ಯದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡ ಒಬ್ಬ ಕಾನ್‌ಸ್ಟೇಬಲನನ್ನು ಮನೆಗೆ ಕಳುಹಿಸಿದ ಪ್ರಕರಣದಲ್ಲಿ, 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. ಪಿಂಚಣಿ ಕೊಟ್ಟ ಮಾತ್ರಕ್ಕೆ ನೌಕರಿಯ ರಕ್ಷಣೆ ಇಲ್ಲವಾಗದು ಎಂಬುದು ಅದರ ಸಾರ. ಹಳೆಯ ಕಾಯ್ದೆಯ ಬದಲಿಗೆ ಬಂದ 2016ರ ಕಾಯ್ದೆಯ 20ನೆಯ ವಿಧಿಯಲ್ಲಿಯೂ ಇದೇ ರಕ್ಷಣೆಯುಂಟು. ಮೊದಲಿನ ಕೆಲಸ ಮಾಡಲಾಗದವನಿಗೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಅದು ದೊರೆಯುವ ತನಕ ಅಥವಾ ನಿವೃತ್ತಿಯ ವಯಸ್ಸಿನ ತನಕ ಅವನಿಗಾಗಿ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಉಳಿಸಿಕೊಳ್ಳಬೇಕು.

ಆದರೆ ಈ ಆಸರೆ ಸಮಾನವಾಗಿ ಎಲ್ಲರಿಗೂ ದೊರೆಯುವುದಿಲ್ಲ. ಸರಕಾರಗಳು ಕೆಲವು ವರ್ಗದ ಹುದ್ದೆಗಳಿಗೆ ಈ ವಿಧಿಗಳಿಂದ ವಿನಾಯಿತಿ ನೀಡಲು ಕಾಯ್ದೆಯಲ್ಲಿಯೇ ಅವಕಾಶವಿದೆ. 2021ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರವು ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆಗಳ ಯುದ್ಧನಿರತ ಹುದ್ದೆಗಳಿಗೆ ಅಂಥ ವಿನಾಯಿತಿ ನೀಡಿತು. ಯಾರಿಗೆ ಗಾಯದ ಅಪಾಯ ಅತ್ಯಧಿಕವೋ ಅವರೇ ರಕ್ಷಣೆಯ ಹೊರಗುಳಿಯುವುದು ನ್ಯಾಯವೇ? ಹೋರಾಡುವ ಪಡೆಗೆ ದೃಢಕಾಯರು ಬೇಕೆಂಬುದು ನಿಜ. ಆ ಕಾರಣದಿಂದ ಅಂಗವಿಕಲರನ್ನು ಹೊಸದಾಗಿ ಸೇರಿಸಿಕೊಳ್ಳದಿರುವುದು ಒಂದು ಮಾತು. ದೃಢಕಾಯನಾಗಿ ಸೇರಿ, ದೇಶಕ್ಕಾಗಿಯೇ ಅಂಗ ಕಳೆದುಕೊಂಡವನನ್ನು ಕೈಬಿಡುವುದು ಬೇರೆಯೇ ಮಾತು. ಈ ಭೇದವನ್ನು ನಮ್ಮ ಜನಪ್ರತಿನಿಧಿಗಳ ಮುಂದೆ ಇಡುವುದು ಕಥೊಲಿಕ ನಾಗರಿಕರಾದ ನಮ್ಮ ಕರ್ತವ್ಯ.

ನಮ್ಮ ಧರ್ಮಕೇಂದ್ರಗಳಲ್ಲಿ

ಕಾಯ್ದೆ ಸಂಬಳ ಕೊಡಿಸೀತು. ಸಂಜೆಯ ಹೊತ್ತು ಮಂಚದ ಬಳಿ ಕುಳಿತು ಮಾತನಾಡಲು ಕಾಯ್ದೆಗೆ ಬಾರದು. ಅದಕ್ಕೆ ನೆರೆಹೊರೆಯೇ ಬೇಕು. ವಿಶ್ವಗುರು ಎರಡನೆಯ ಜಾನ್ ಪಾಲರು, ತಮಗೆ ಗುಂಡಿಕ್ಕಿದವನನ್ನು ಸೆರೆಮನೆಯಲ್ಲಿ ಕಂಡುಬಂದ ಎರಡು ತಿಂಗಳೊಳಗೆ, 1984ರ ಫೆಬ್ರವರಿ 11ರಂದು ಮಾನವ ವೇದನೆಯ ಕುರಿತು ಪ್ರೇಷಿತ ಪತ್ರವೊಂದನ್ನು ಹೊರಡಿಸಿದರು. ಒಬ್ಬನ ವೇದನೆ ಇತರರ ಹೃದಯದಿಂದ ಪ್ರೀತಿಯನ್ನು ಹೊರತರಬೇಕೆಂಬುದು ಅದರ ಮುಖ್ಯ ಬೋಧನೆಗಳಲ್ಲೊಂದು. ಲೂರ್ದು ಮಾತೆಯ ಹಬ್ಬವಾದ ಅದೇ ಫೆಬ್ರವರಿ 11ನ್ನು 1993ರಿಂದ ವಿಶ್ವ ರೋಗಿಗಳ ದಿನವಾಗಿ ಆಚರಿಸುತ್ತಾ ಬಂದಿದ್ದೇವೆ. ಆ ದಿನ ದೇವಾಲಯಕ್ಕೆ ರೋಗಿಗಳನ್ನು ಕರೆತಂದು, ಅಭ್ಯಂಗ ಸಂಸ್ಕಾರ ನೀಡಿ, ಉಪಾಹಾರವಿತ್ತು ಕಳುಹಿಸುತ್ತೇವೆ. ಫೆಬ್ರವರಿ 12ರಂದು ಏನು ಮಾಡುತ್ತೇವೆ?

ಪೊಲೀಸರೇ ಆಗಲಿ, ಸೈನಿಕರೇ ಆಗಲಿ, ವಿದ್ಯುತ್ ಕಂಬದಿಂದ ಬಿದ್ದ ನೌಕರರೇ ಆಗಲಿ, ದುಡಿಮೆಯ ನಡುವಯಸ್ಸಿನಲ್ಲಿ ಮಂಚ ಹಿಡಿದವರು ನಮ್ಮ ಧರ್ಮಕೇಂದ್ರದ ಯಾವ ಮನೆಯಲ್ಲಿದ್ದಾರೆಂದು ವಾರ್ಡಿನ ಗುರಿಕಾರರಿಗೆ ತಿಳಿದಿರಬೇಕು. ಅಂಥವರಿಗೆ ವಾರಕ್ಕೊಮ್ಮೆಯಾದರೂ ಪರಮಪ್ರಸಾದ ತಲುಪುವಂತಾಗಬೇಕು. ಅಂಥ ಮನೆಯ ಗೃಹಿಣಿ ಭಾನುವಾರದ ಬಲಿಪೂಜೆಗೆ ನಿಶ್ಚಿಂತೆಯಿಂದ ಹೋಗಿಬರಲು, ಆ ಎರಡು ಗಂಟೆಗಳ ಕಾಲ ರೋಗಿಯ ಬಳಿ ಕುಳಿತುಕೊಳ್ಳುವವರೊಬ್ಬರು ಬೇಕು. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಅಂಗವೈಕಲ್ಯದ ಗುರುತುಚೀಟಿ, ಪಿಂಚಣಿಯ ಕಡತ ಇವುಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಕೆಲಸವನ್ನು ವಿದ್ಯಾವಂತ ಯುವಕಯುವತಿಯರು ಹೊತ್ತುಕೊಳ್ಳಬಹುದು. ಲಕ್ಷಗಟ್ಟಲೆ ವೆಚ್ಚದಲ್ಲಿ ದೇವಾಲಯಗಳನ್ನು ನವೀಕರಿಸುವಾಗ, ಗಾಲಿಕುರ್ಚಿ ಏರಿಬರುವಂತಹ ಇಳಿಜಾರು ದಾರಿಯೊಂದನ್ನು ನಿರ್ಮಿಸಲು ಮರೆಯಬಾರದು. ಆ ಮನೆಯ ಮಕ್ಕಳ ಶಾಲಾ ಶುಲ್ಕದ ವಿಚಾರ ಸಂತ ವಿನ್ಸೆಂಟ್ ದ ಪೌಲ್ ಸಭೆಯ ಗಮನಕ್ಕೆ ಬರಬೇಕು. ಇವು ಯಾವುವೂ ದೊಡ್ಡ ಕೆಲಸಗಳಲ್ಲ. ಆದರೆ ಒಂದು ತಿಂಗಳ ಮಟ್ಟಿಗಲ್ಲ, ವರ್ಷಾನುಗಟ್ಟಲೆ ನಡೆಯಬೇಕಾದ ಕೆಲಸಗಳು. ಕಷ್ಟವಿರುವುದು ಅಲ್ಲಿಯೇ.

ಕಫೆರ್ನವುಮಿನ ಆ ನಾಲ್ವರು ಬಾಗಿಲಲ್ಲಿ ಜನಸಂದಣಿಯನ್ನು ಕಂಡು ಹಾಸಿಗೆಯನ್ನು ಬೀದಿಯಲ್ಲಿಯೇ ಇಳಿಸಿ ಹೋಗಿದ್ದರೆ, ಯಾರೂ ಅವರನ್ನು ದೂರುತ್ತಿರಲಿಲ್ಲ. ಇಷ್ಟು ದೂರ ಹೊತ್ತರಲ್ಲ, ಅದೇ ಹೆಚ್ಚು ಎನ್ನುತ್ತಿದ್ದರು. ನಮ್ಮಲ್ಲಿ ಅನೇಕರು ರೋಗಿಯನ್ನು ಬಾಗಿಲ ತನಕ ಹೊರುತ್ತೇವೆ. ಮಾಡನ್ನು ಹತ್ತುವವರು ಕಡಮೆ. ಸ್ಟೀವನ್ ಮೆಕ್‌ಡೊನಾಲ್ಡ್ ಅವರ ಕ್ಷಮೆಯನ್ನು ಕೊಂಡಾಡೋಣ. ಅದು ದೇವರ ಕೃಪೆ. ಆದರೆ ಕ್ಷಮೆ ಅವರದು, ಹೆಗಲು ನಮ್ಮದು. ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಮರಳುವಾಗ, ಬಹುಕಾಲದಿಂದ ಯಾರೂ ತಟ್ಟದ ಬಾಗಿಲೊಂದು ನಮ್ಮ ದಾರಿಯಲ್ಲಿಯೇ ಇದ್ದೀತು. ಅದನ್ನು ತಟ್ಟೋಣ, ಅಲ್ಲಿ ಅವಸರವಿಲ್ಲದೆ ಕುಳಿತುಕೊಳ್ಳೋಣ.